ತೀರಬಾರದ ಋಣ

ವಾಲ್ಮೀಕಿ ಮಹರ್ಷಿಯು ನಾರದರನ್ನು ಕೇಳಿದ ಪ್ರಶ್ನೆಯಿಂದಲೇ ರಾಮಾಯಣವು ಆರಂಭವಾಗುತ್ತದೆಂಬುದು ಸರ್ವವಿದಿತ. ಈ ಲೋಕದಲ್ಲಿ ಈಗ ಗುಣವಂತನಾದ ಪುರುಷನು ಯಾರಿದ್ದಾನೆಂದು ಕೇಳುತ್ತ, ಮಹರ್ಷಿಯು ಆ ಗುಣಗಳನ್ನು ಒಂದೊಂದಾಗಿ ಎಣಿಸುತ್ತಾನೆ. ಧರ್ಮಜ್ಞ ಎಂಬ ಮಾತಾದೊಡನೆಯೇ ಅವನ ಬಾಯಿಂದ ಹೊರಡುವ ಪದ ‘ಕೃತಜ್ಞ’ ಎಂಬುದು. ಸತ್ಯವಾಕ್ಯ, ದೃಢವ್ರತ ಮುಂತಾದ ಮಹಾಗುಣಗಳೆಲ್ಲ ಅದರ ಅನಂತರ ಬರುತ್ತವೆ. ಪದವನ್ನು ಬಿಡಿಸಿ ನೋಡಿದರೆ ಅದರ ಅರ್ಥ ಬಹು ಸರಳ. ಕೃತವನ್ನು, ಎಂದರೆ ತನಗಾಗಿ ಮಾಡಲ್ಪಟ್ಟುದನ್ನು, ಬಲ್ಲವನು. ಮಾಡಿಸಿಕೊಂಡುದನ್ನು ಮರಳಿ ಕೊಟ್ಟವನು ಎಂಬ ಅರ್ಥ ಆ ಪದದಲ್ಲಿ ಎಲ್ಲಿಯೂ ಇಲ್ಲ. ಬಲ್ಲವನಾದರೆ ಸಾಕು. ಆದರೆ ಬಲ್ಲವನಾಗುವುದು ಕೊಡುವುದಕ್ಕಿಂತ ಕಠಿನವಾದುದೆಂಬುದನ್ನು ಈ ಲೇಖನದ ವಾಚಕರು ಮುಂದೆ ಒಪ್ಪಿಯಾರು.

ಕನ್ನಡಿಗರ ಮನೆಮಾತಿನಲ್ಲಿ ಉಪಕಾರಕ್ಕೆ ಪ್ರತಿಯಾಗಿ ಒಡನೆಯೇ ಹೇಳಿ ಮುಗಿಸುವ ಪದವೊಂದಿಲ್ಲ. ‘ಧನ್ಯವಾದ’ವು ಪತ್ರಕ್ಕೆ ಸೇರಿದ್ದು, ‘ವಂದನಾರ್ಪಣೆ’ಯು ಸಭೆಗೆ ಸೇರಿದ್ದು, ಅದೂ ಸಭಿಕರಲ್ಲಿ ಅರ್ಧದಷ್ಟು ಜನ ಪಾದರಕ್ಷೆ ಹುಡುಕುತ್ತಿರುವಾಗ ನಡೆಯತಕ್ಕದ್ದು. ಬಡಿಸಿದ ತಾಯಿಗೆ ಮಗನು ಧನ್ಯವಾದ ಹೇಳಿದರೆ ಆಕೆಯು ಗಾಬರಿಯಿಂದ ಅವನ ಹಣೆ ಮುಟ್ಟಿ ನೋಡಿಯಾಳು. ಉಂಡೆದ್ದ ಹಿರಿಯರು ‘ಅನ್ನದಾತಾ ಸುಖೀ ಭವ’ ಎನ್ನುವುದುಂಟು. ಆದರೆ ಅದು ಹರಕೆ. ಅಲ್ಲಿ ಉಂಡವನು ಕೊಟ್ಟವನ ಮುಂದೆ ಲೆಕ್ಕ ಒಪ್ಪಿಸುತ್ತಿಲ್ಲ. ಇನ್ನು ಉಳಿದುದೆಲ್ಲ ‘ಋಣ’ ಎಂಬ ಒಂದೇ ಪದದಲ್ಲಿ ಅಡಗಿದೆ. ಅನ್ನದ ಋಣ, ಉಪ್ಪಿನ ಋಣ, ನೀರಿನ ಋಣ, ಊರಿನ ಋಣ. ಇಬ್ಬರನ್ನು ಕೂಡಿಸಿದ ಕಾರಣ ತಿಳಿಯದಿದ್ದಾಗ ಅದಕ್ಕೆ ಋಣಾನುಬಂಧವೆಂದು ಹೆಸರು.

ಈ ಋಣವನ್ನು ವರ್ಷಕ್ಕೊಮ್ಮೆಯಾದರೂ ನೆನೆಯುವುದಕ್ಕೆಂದೇ ಕನ್ನಡ ನಾಡಿನ ಒಂದೊಂದು ಸೀಮೆಯಲ್ಲಿಯೂ ಒಂದೊಂದು ಹಬ್ಬವಿದೆ. ಮಲೆನಾಡಿನಲ್ಲಿ ವಿಜಯದಶಮಿಯ ಅನಂತರದ ಹುಣ್ಣಿಮೆಯಂದು, ತೆನೆ ತುಂಬುತ್ತಿರುವ ಗದ್ದೆಯನ್ನು ಬಸುರಿಯೆಂದೇ ಭಾವಿಸಿ, ಭೂಮಿ ಹುಣ್ಣಿಮೆಯ ಬಯಕೆಯ ಎಡೆಯನ್ನು ಬುಟ್ಟಿಯಲ್ಲಿ ಹೊತ್ತೊಯ್ಯುತ್ತಾರೆ. ಉತ್ತರ ಕರ್ನಾಟಕದಲ್ಲಿ ಎಳ್ಳಮಾವಾಸ್ಯೆಯಂದು ಬಂಧುಬಳಗವೆಲ್ಲ ಹೊಲದಲ್ಲಿ ನೆರೆದು, ತಾವು ಉಣ್ಣುವ ಮೊದಲು ಬೆಳೆಯ ಸಾಲುಗಳಿಗೆ ಚರಗ ಚೆಲ್ಲುತ್ತಾರೆ. ಕೊಡಗಿನಲ್ಲಿ ಹುತ್ತರಿಯ ದಿನ, ಎಲ್ಲೆಲ್ಲಿಯೋ ಚದುರಿದ ಒಕ್ಕದವರು ಐನ್‌ಮನೆಯಲ್ಲಿ ಕೂಡಿ ಮೊದಲ ಕದಿರನ್ನು ಕೊಯ್ದು ತರುತ್ತಾರೆ. ಕರಾವಳಿಯಲ್ಲಿ ನವರಾತ್ರಿಯ ದಿನಗಳು ಕದಿರು ಕಟ್ಟುವ ದಿನಗಳು. ಹೊಸ ಕದಿರನ್ನು ಮಾವು ಹಲಸು ಮೊದಲಾದ ಎಲೆಗಳೊಡನೆ ಸೇರಿಸಿ ಬಾಗಿಲಿಗೆ, ಕಂಬಕ್ಕೆ, ಕಣಜಕ್ಕೆ ಕಟ್ಟಿ ‘ಮನೆ ತುಂಬಿಸು’ತ್ತಾರೆ, ಆ ಮೇಲೆ ಒಳ್ಳೆಯ ದಿನ ನೋಡಿ ‘ಹೊಸತು’ ಉಣ್ಣುತ್ತಾರೆ. ಆ ದಿನ ಉಣ್ಣುವ ಸ್ಥಳ ಹಿರಿಯರ ಮನೆ. ಹಲವು ಮನೆಗಳಲ್ಲಿ, ಎಲೆಯ ಮುಂದೆ ಕುಳಿತ ಕಿರಿಯನು ಮೊದಲ ತುತ್ತೆತ್ತುವುದಕ್ಕೆ ಮುನ್ನ ಹಿರಿಯರತ್ತ ನೋಡಿ ‘ಹೊಸತು ಉಣ್ಣುತ್ತೇನೆ’ ಎಂದು ಅಪ್ಪಣೆ ಬೇಡುತ್ತಾನೆ. ತನ್ನ ಗದ್ದೆಯ ಅಕ್ಕಿಯನ್ನು ಉಣ್ಣಲಿಕ್ಕೂ ಅಪ್ಪಣೆಯೇಕೆ ಎಂದು ಯಾರೂ ಕೇಳುವುದಿಲ್ಲ. ಕೇಳಬೇಕಾದ ಪ್ರಶ್ನೆಯೇ ಅದು.

ಗದ್ದೆಯೇ ಇಲ್ಲದವರ ಗತಿಯೇನು? ಅಹಮದಾಬಾದಿನ ವಸ್ತ್ರಾಪುರವು ಒಂದು ಕಾಲದಲ್ಲಿ ನಗರದ ಪಶ್ಚಿಮಕ್ಕಿದ್ದ ಹಳ್ಳಿ. 1961ರಲ್ಲಿ ಭಾರತೀಯ ನಿರ್ವಹಣ ಸಂಸ್ಥೆಯ ಸ್ಥಾಪನೆಯಾಗಿ, ಮುಂದೆ ಲೂಯಿ ಕಾನ್ ಎಂಬ ವಾಸ್ತುಶಿಲ್ಪಿಯ ಇಟ್ಟಿಗೆಯ ಕಟ್ಟಡಗಳು ಅಲ್ಲಿ ಎದ್ದವು. 1972ರಲ್ಲಿ ಅನತಿದೂರದಲ್ಲಿ ಬಾಹ್ಯಾಕಾಶ ಉಪಯೋಗ ಕೇಂದ್ರವು ರೂಪುಗೊಂಡಿತು. ವಿಜ್ಞಾನಿಗಳಾಗಿ, ಅಧ್ಯಾಪಕರಾಗಿ, ಬ್ಯಾಂಕುಗಳ ವರ್ಗಾವಣೆಯ ಮೇಲೆ ಬಂದ ನೌಕರರಾಗಿ ಕನ್ನಡಿಗರು ಈ ಭಾಗದಲ್ಲಿ ನೆಲೆ ನಿಂತರು. 1975-76ರ ಉಪಗ್ರಹ ದೂರದರ್ಶನ ಪ್ರಯೋಗದಲ್ಲಿ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಬೇಸಾಯದ ಮಾತನ್ನು ಕನ್ನಡದಲ್ಲಿಯೇ ತಲಪಿಸಿದ ಆ ದೊಡ್ಡ ಯತ್ನದ ಬೇರು ಈ ನಗರದಲ್ಲಿತ್ತು ಎಂಬುದನ್ನು ಇಂದಿನ ತರುಣರು ಅರಿಯರು. ಊರೊಂದಕ್ಕೆ ಮತ್ತೊಂದು ಊರಿನ ಋಣವಿರುವುದೂ ಹೀಗೆಯೇ.

ಇಲ್ಲಿ ನೆಲೆ ನಿಂತ ಕರಾವಳಿಯ ಕುಟುಂಬಗಳು ಹೊಸತಿನ ಊಟವನ್ನು ಬಿಡಲಿಲ್ಲ. ಕುಚ್ಚಲಕ್ಕಿಯು ಊರಿಂದ ಬಂದವರ ಗಂಟಿನಲ್ಲಿ ಬರುತ್ತದೆ. ಬಾರದ ವರ್ಷ ಕಾಲುಪುರದ ಚೋಖಾ ಬಜಾರಿನ ಅಕ್ಕಿಯೇ ಹೊಸ ಅಕ್ಕಿ. ಕದಿರು ಮಾತ್ರ ಗಂಟಿನಲ್ಲಿ ಬರುವಂಥದಲ್ಲ. ಅದಕ್ಕಾಗಿ ಒಬ್ಬರು ಮುಂಜಾವದಲ್ಲಿ ಬಾವಳಾದ ದಾರಿ ಹಿಡಿದು, ‘ಡಾಂಗರ’ವೆಂದು ಗುಜರಾತಿಗಳು ಕರೆಯುವ ಭತ್ತದ ಗದ್ದೆಯ ಅಂಚಿನಲ್ಲಿ ನಿಂತು, ದೇವರಿಗೆಂದು ಒಂದು ಹಿಡಿ ತೆನೆಯನ್ನು ಬೇಡಿ ತರುತ್ತಾರೆ. ದೇವರ ಹೆಸರು ಕೇಳಿದ ಮೇಲೆ ಹಣ ಮುಟ್ಟುವ ರೈತ ವಿರಳ. ಆ ತೆನೆಯ ಕೆಲವು ಕಾಳುಗಳನ್ನು ಸುಲಿದು ಪಾಯಸದ ಪಾತ್ರೆಗೆ ಹಾಕಿದರೆ, ಹದಿನೈದು ಕಿಲೋ ಅಕ್ಕಿಯು ಹೊಸತಾಗುತ್ತದೆ. ಹೊರಗೆ ಬೀದಿಯಲ್ಲಿ ಗರಬಾದ ವಾದ್ಯ. ದಶಮಿಯ ಬೆಳಗ್ಗೆ ಊರೆಲ್ಲ ಫಾಫಡಾ ಜಲೇಬಿಯ ಮುಂದೆ ಸಾಲುಗಟ್ಟಿದರೆ, ವಸ್ತ್ರಾಪುರದ ಒಂದು ಮೂರು ಕೋಣೆಯ ಮನೆಯಲ್ಲಿ ಮೂವತ್ತು ಮಂದಿ ಬಂಧುಗಳು ಬಾಳೆಯೆಲೆಗೆ ಸಾಲುಗಟ್ಟಿರುತ್ತಾರೆ.

ಇತ್ತೀಚಿನ ವರ್ಷಗಳಲ್ಲಿ ಇಂಥ ಮನೆಗಳಿಗೆ ಅಮೆರಿಕದಿಂದ ಇನ್ನೊಂದು ಹಬ್ಬದ ಸುದ್ದಿಯೂ ಬರುತ್ತಿದೆ. ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಅಲ್ಲಿ ‘ಥ್ಯಾಂಕ್ಸ್‌ಗಿವಿಂಗ್’. ಮಕ್ಕಳು ದೂರದ ಚಿಕ್ಕಪ್ಪನ ಮನೆಯಲ್ಲಿ ನೆರೆದು, ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರೂ ಈ ವರ್ಷ ತಾವು ಯಾವುದಕ್ಕೆ ಕೃತಜ್ಞರೆಂಬುದನ್ನು ಬಾಯಿಬಿಟ್ಟು ಹೇಳಿ, ಆ ಮೇಲೆ ಉಣ್ಣುತ್ತಾರಂತೆ. ಪದ್ಧತಿಯು ಸುಂದರವಾದುದೇ, ಪರದೇಶದ್ದೆಂದು ಮೂಗು ಮುರಿಯಬೇಕಾಗಿಲ್ಲ. ಆದರೆ ಅದರ ಮೂಲಕಥೆಯನ್ನು ಪೂರ್ತಿಯಾಗಿ ಕೇಳಬೇಕು. 1621ರಲ್ಲಿ ಪ್ಲಿಮತ್ ಎಂಬಲ್ಲಿ ಇಂಗ್ಲಿಷ್ ವಲಸೆಗಾರರು ತಮ್ಮ ಮೊದಲ ಸುಗ್ಗಿಯ ಭೋಜನವನ್ನು ಆ ನೆಲದ ಮೂಲ ಒಡೆಯರಾದ ವಾಂಪನೋಗ್ ಜನರೊಡನೆ, ಅವರ ನಾಯಕ ಮಸಾಸೊಯಿಟನೊಡನೆ ಕುಳಿತು ಉಂಡರು. ಜೋಳ ಬಿತ್ತುವ ಬಗೆಯನ್ನು ಅವರಿಗೆ ಕಲಿಸಿದವನೂ ಆ ನೆಲದವನೇ. ಐವತ್ತೈದು ವರ್ಷ ಕಳೆಯುವಷ್ಟರಲ್ಲಿ, 1676ರಲ್ಲಿ, ಅದೇ ಮಸಾಸೊಯಿಟನ ಮಗನನ್ನು ಯುದ್ಧದಲ್ಲಿ ಕೊಂದು ಅವನ ತಲೆಯನ್ನು ಅದೇ ಪ್ಲಿಮತ್ತಿನಲ್ಲಿ ಕಂಬಕ್ಕೇರಿಸಿದರು. 1970ರಿಂದ ಮೂಲನಿವಾಸಿಗಳಲ್ಲಿ ಹಲವರು ಆ ದಿನವನ್ನು ಶೋಕದಿನವೆಂದು ಆಚರಿಸುತ್ತ ಬಂದಿದ್ದಾರೆ. ಉಂಡ ಮನೆಗೆ ಎರಡು ಬಗೆಯಬಾರದೆಂಬ ಮಾತು ಕನ್ನಡದ ಅಜ್ಜಿಯರ ಬಾಯಲ್ಲಿ ಸವೆದುಹೋದ ಗಾದೆ. ಅದನ್ನು ಮೀರಿದರೆ ಆಗುವುದೇನೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಾಗಿಲ್ಲ. ಬಾಯಿಂದ ಹೇಳಿದ ಕೃತಜ್ಞತೆಯು ಬಾಯಲ್ಲಿಯೇ ಉಳಿದೀತು.

ಇನ್ನು ವಸ್ತ್ರಾಪುರದ ಆ ಮೂರು ಕೋಣೆಯ ಮನೆಯ ವಿಚಾರ. ಅಲ್ಲಿ ಕೆಲವು ವರ್ಷಗಳ ಹಿಂದೆ ಹೊಸತಿನ ಊಟದ ದಿನ ಒಂದು ಸಣ್ಣ ಪ್ರಸಂಗ ನಡೆಯಿತು. ಮನೆಯೊಡತಿಯ ಸೋದರಳಿಯನೊಬ್ಬನು, ಕೆಲಸ ಹುಡುಕಿಕೊಂಡು ಕುಂದಾಪುರದ ಕಡೆಯಿಂದ ಬಂದವನು, ಎರಡು ವರ್ಷಕ್ಕೂ ಮೇಲ್ಪಟ್ಟು ಅವರ ಮನೆಯ ಹಜಾರದಲ್ಲಿ ಹಾಸಿಗೆ ಹಾಸಿಕೊಂಡು ಇದ್ದವನು. ವಿಷಮಶೀತಜ್ವರದಲ್ಲಿ ಇಪ್ಪತ್ತು ದಿನ ಮಲಗಿದಾಗ ಗಂಜಿ ಕುಡಿಸಿದವಳು ಅತ್ತೆಯೇ. ಆ ಮೇಲೆ ಅವನ ಕೈ ಹತ್ತಿತು. ಬೋಪಲ್ ಬಡಾವಣೆಯಲ್ಲಿ ಸ್ವಂತ ಮನೆಯಾಯಿತು, ಕಾರಾಯಿತು. ಆ ವರ್ಷ ಅವನು ಒಂದು ಜೊತೆ ಭಾರಿ ಬೆಳ್ಳಿಯ ದೀಪಗಳನ್ನು ತಂದು ಅತ್ತೆಯ ಮುಂದಿಟ್ಟು, ಇನ್ನು ಮುಂದೆ ಹೊಸತಿನ ಊಟವನ್ನು ಒಳ್ಳೆಯ ಹೋಟೆಲೊಂದರಲ್ಲಿ ಇಟ್ಟುಕೊಳ್ಳೋಣ, ಖರ್ಚೆಲ್ಲ ತನ್ನದು ಎಂದನು. “ನೀವು ನಂಗೆ ಮಾಡಿದ್ದಕ್ಕೆ ನಾನು ಇಷ್ಟಾದ್ರೂ ಮಾಡ್ಬೇಕಲ್ಲ ಅತ್ತೆ” ಎಂಬುದು ಅವನ ಮಾತು. ಆಕೆಯು ದೀಪಗಳನ್ನು ಮುಟ್ಟದೆ, “ಇದೆಂಥದು ಮಾಣಿ, ಲೆಕ್ಕ ಚುಕ್ತಾ ಮಾಡ್ಲಿಕ್ಕೆ ಬಂದದ್ದಾ?” ಎಂದು ಕೇಳಿ ಒಳಕ್ಕೆ ಹೋದರು. ಊಟವೇನೋ ನಡೆಯಿತು. ಆದರೆ ಆ ದಿನ ಪಾಯಸದಲ್ಲಿ ಬೆಲ್ಲ ಕಡಿಮೆಯೆಂದು ಕೂಡ ಯಾರೂ ಹೇಳಲಿಲ್ಲ. ಹಬ್ಬದ ಮನೆಯಲ್ಲಿ ಅದಕ್ಕಿಂತ ದೊಡ್ಡ ಮೌನವಿಲ್ಲ.

ತಪ್ಪು ಯಾರದು? ಬಂಧುಗಳಲ್ಲಿ ಅರ್ಧದಷ್ಟು ಜನ ಅಳಿಯನ ಪಕ್ಷ. ಎಪ್ಪತ್ತು ದಾಟಿದ ಹೆಂಗಸು ಮೂವತ್ತು ಜನರಿಗೆ ಬೇಯಿಸಿ ಬಡಿಸಿ ಎಲ್ಲರ ಕೊನೆಯಲ್ಲಿ ಉಣ್ಣುವುದನ್ನು ನೋಡಿಯೂ ಸುಮ್ಮನಿರುವುದು ಯಾವ ಧರ್ಮ ಎಂಬುದು ಅವರ ವಾದ. ಅದು ತಳ್ಳಿಹಾಕುವ ವಾದವಲ್ಲ. ಇನ್ನರ್ಧ ಜನರು, ಅತ್ತೆಯ ಮನಸ್ಸನ್ನು ನೋಯಿಸಿದನೆಂದು ಅವನನ್ನು ದೂರಿದರು. ಇಬ್ಬರೂ ಸದುದ್ದೇಶದವರೇ ಆಗಿದ್ದು ನೋವು ಮಾತ್ರ ನಿಜವಾಗಿರುವಾಗ, ಪ್ರಶ್ನೆಯು ವ್ಯಕ್ತಿಗಳದ್ದಲ್ಲ, ತತ್ತ್ವದ್ದು. ಋಣವೆಂಬುದು ತೀರಿಸತಕ್ಕದ್ದೇ, ಅಥವಾ ಹೊರತಕ್ಕದ್ದೇ?

ದಸರೆಯ ದಿನ ಬನ್ನಿಯ ಎಲೆಯನ್ನು ಚಿನ್ನವೆಂದು ಕೊಟ್ಟುಕೊಳ್ಳುವವರು ಕೌತ್ಸನ ಕಥೆಯನ್ನು ನೆನೆಯುವುದುಂಟು. ಕಾಳಿದಾಸನು ರಘುವಂಶದ ಐದನೆಯ ಸರ್ಗದಲ್ಲಿ ಅದನ್ನು ಹೇಳಿದ್ದಾನೆ. ವರತಂತು ಮುನಿಯ ಶಿಷ್ಯನಾದ ಕೌತ್ಸನು ವಿದ್ಯೆ ಮುಗಿದ ಮೇಲೆ ಗುರುದಕ್ಷಿಣೆಯೇನೆಂದು ಕೇಳುತ್ತಾನೆ. ಗುರುವು, ಇಷ್ಟು ಕಾಲ ನೀನು ಮಾಡಿದ ಭಕ್ತಿಯ ಸೇವೆಯೇ ಸಾಕೆನ್ನುತ್ತಾನೆ. ಶಿಷ್ಯನು ಬಿಡುವುದಿಲ್ಲ, ಮತ್ತೆ ಮತ್ತೆ ಪೀಡಿಸುತ್ತಾನೆ. ಕೊನೆಗೆ ರೇಗಿದ ಗುರುವು, ಕಲಿಸಿದ ಹದಿನಾಲ್ಕು ವಿದ್ಯೆಗಳಿಗೆ ಹದಿನಾಲ್ಕು ಕೋಟಿ ಹೊನ್ನು ತಾ ಎನ್ನುತ್ತಾನೆ. ಆಗ ಕೌತ್ಸನು ಬಂದುದು ವಿಶ್ವಜಿತ್ ಯಾಗದಲ್ಲಿ ಸರ್ವಸ್ವವನ್ನೂ ಕೊಟ್ಟು ಮಣ್ಣಿನ ಪಾತ್ರೆಯಲ್ಲಿ ಅರ್ಘ್ಯ ನೀಡುತ್ತಿದ್ದ ರಘುವಿನ ಬಳಿಗೆ. ರಘುವು ಕುಬೇರನ ಮೇಲೆಯೇ ಏರಿಹೋಗಲು ನಿಶ್ಚಯಿಸಿದ ರಾತ್ರಿ ಭಂಡಾರದಲ್ಲಿ ಹೊನ್ನಿನ ಮಳೆಯಾಯಿತು. ಜನರು ಹೇಳುವ ಕಥೆಯಲ್ಲಿ ಅದು ಬನ್ನಿಯ ಮರದ ಮೇಲೆ ಸುರಿಯಿತು. ಎಲ್ಲವನ್ನೂ ಒಯ್ಯೆಂದು ರಾಜ, ಗುರುವಿಗೆ ಸಲ್ಲತಕ್ಕುದಕ್ಕಿಂತ ಹೆಚ್ಚು ಬೇಡವೆಂದು ವಟು. ಆ ಇಬ್ಬರನ್ನೂ ಸಾಕೇತದ ಜನರು ಮೆಚ್ಚಿದರೆಂದು ಕವಿ ಹೇಳುತ್ತಾನೆ.

ಈ ಕಥೆಯನ್ನು ಔದಾರ್ಯದ ಕಥೆಯೆಂದು ಹೊಗಳುವುದು ರೂಢಿ. ಆದರೆ ಅದರ ಆರಂಭವನ್ನು ಯಾರೂ ಗಮನಿಸುವುದಿಲ್ಲ. ಗುರುವು ಬೇಡವೆಂದಿದ್ದನು, ಸಾಕೆಂದಿದ್ದನು. ಶಿಷ್ಯನಿಗೆ ಅದು ಸಾಕಾಗಲಿಲ್ಲ. ಯಾರ ಹಂಗೂ ಇಲ್ಲದೆ ಆಶ್ರಮದ ಬಾಗಿಲು ದಾಟಬೇಕೆಂಬ ಹಟ ಅವನದು. ವರತಂತುವಿನ ಕೋಪವು ಹೊನ್ನಿನ ಆಸೆಯಿಂದ ಹುಟ್ಟಿದ್ದಲ್ಲ. ಪ್ರೀತಿಯಿಂದ ಕೊಟ್ಟುದಕ್ಕೆ ಬೆಲೆ ಕಟ್ಟು ಎಂದು ಒತ್ತಾಯಿಸಿದವನಿಗೆ ಕಟ್ಟಿದ ಬೆಲೆ ಅದು. ವಸ್ತ್ರಾಪುರದ ಅತ್ತೆಯ ಕೋಪವೂ ಇದೇ ಜಾತಿಯದು.

ಋಣದ ವಿಷಯದಲ್ಲಿ ವೇದಗಳು ಏನನ್ನುತ್ತವೆ? ಮನುಷ್ಯನು ಹುಟ್ಟುವಾಗಲೇ ಋಷಿಗಳಿಗೆ, ದೇವತೆಗಳಿಗೆ, ಪಿತೃಗಳಿಗೆ ಋಣಿಯಾಗಿರುತ್ತಾನೆಂಬ ಭಾವ ತೈತ್ತಿರೀಯ ಸಂಹಿತೆಯಲ್ಲಿದೆ. ಶತಪಥ ಬ್ರಾಹ್ಮಣವು ನಾಲ್ಕನೆಯದಾಗಿ ಮನುಷ್ಯಋಣವನ್ನೂ ಸೇರಿಸಿ, ಮನುಷ್ಯರಿಗೆ ತಂಗಲು ಎಡೆ ಕೊಟ್ಟು ಉಣಬಡಿಸುವುದೇ ಅದನ್ನು ಸಲ್ಲಿಸುವ ಬಗೆಯೆನ್ನುತ್ತದೆ. ಇಲ್ಲೊಂದು ವಿಶೇಷವನ್ನು ಗಮನಿಸಬೇಕು. ಸಾಲ ಕೊಟ್ಟವನಿಗೇ ಅದನ್ನು ಮರಳಿಸುವುದು ಲೋಕದ ವ್ಯವಹಾರ. ಇಲ್ಲಿ ಹಾಗಲ್ಲ. ಪಿತೃಗಳಿಂದ ಪಡೆದ ಜನ್ಮದ ಋಣವು ಪಿತೃಗಳಿಗೆ ಮರಳುವುದಿಲ್ಲ, ಸಂತಾನಕ್ಕೆ ಸಲ್ಲುತ್ತದೆ. ಋಷಿಗಳ ಋಣವನ್ನು ಸಲ್ಲಿಸುವುದು ಅಧ್ಯಯನದಿಂದ. ಕಲಿತವನಿಂದ ಅದು ಕಲಿಯುವವನಿಗೆ ಸಾಗುತ್ತದೆ. ಉಣಬಡಿಸಿದವನ ಋಣವು ಇನ್ನೊಬ್ಬ ಹಸಿದವನ ಎಲೆಗೆ ಹೋಗುತ್ತದೆ. ಗೀತೆಯ ಮೂರನೆಯ ಅಧ್ಯಾಯದಲ್ಲಿ ಭಗವಂತನು, ದೇವತೆಗಳು ಕೊಟ್ಟುದನ್ನು ಅವರಿಗೆ ಅರ್ಪಿಸದೆ ತಾನೇ ಭೋಗಿಸುವವನನ್ನು ಕಳ್ಳನೆಂದೇ ಕರೆದಿದ್ದಾನೆ. ಆ ಮಾತಿನ ಸುತ್ತಲೂ ಇರುವುದು ತಿರುಗುವ ಚಕ್ರದ ಚಿತ್ರ: ಅನ್ನ, ಮಳೆ, ಯಜ್ಞ, ಕರ್ಮ. ಸಾಗುತ್ತಿರುವುದನ್ನು ತನ್ನಲ್ಲಿಯೇ ನಿಲ್ಲಿಸಿಕೊಂಡವನು ಅಲ್ಲಿ ಕಳ್ಳ.

ಕನ್ನಡ ಭಾಷೆಯು ಈ ಸೂಕ್ಷ್ಮವನ್ನು ಶಾಸ್ತ್ರಕ್ಕಿಂತಲೂ ಚೆನ್ನಾಗಿ ಬಲ್ಲದು. ‘ಅವನ ಅನ್ನದ ಋಣ ತೀರಿತು’ ಎಂದು ಜನರು ಹೇಳುವುದು ಯಾವಾಗ? ಮನುಷ್ಯನು ಸತ್ತಾಗ, ಇಲ್ಲವೆ ಊರು, ಮನೆ, ಕೆಲಸವನ್ನು ಬಿಟ್ಟು ಮರಳಿ ಬಾರದಂತೆ ಹೊರಟಾಗ. ‘ಋಣ ಹರಿಯಿತು’ ಎನ್ನುವಾಗ ಯಾರ ಮುಖದಲ್ಲಿಯೂ ಸಂತೋಷವಿರುವುದಿಲ್ಲ. ಬ್ಯಾಂಕಿನ ಖಾತೆಗೂ ಈ ಮಾತು ಸಲ್ಲುತ್ತದೆ. ಬಾಕಿಯೆಲ್ಲ ಸೊನ್ನೆಯಾದ ಖಾತೆಯು ಮುಚ್ಚಿದ ಖಾತೆ; ಆ ಗಿರಾಕಿ ಮರುದಿನ ಬಾಗಿಲಿಗೆ ಬರುವುದಿಲ್ಲ. ಇಬ್ಬರ ನಡುವೆ ಕೊಡುಕೊಳ್ಳುವುದು ನಡೆಯುತ್ತಿರುವಷ್ಟು ಕಾಲ ಮಾತ್ರ ಅದು ಚಾಲ್ತಿ ಖಾತೆ. ಅತ್ತೆಯ ಕಿವಿಗೆ ಆ ದಿನ ಬಿದ್ದುದು, ಬೆಳ್ಳಿಯ ದೀಪಗಳ ಹೊಳಪಿನ ಹಿಂದಿದ್ದ ಆ ಸೊನ್ನೆಯ ಸದ್ದು.

ರಾಮಾಯಣದ ಉತ್ತರಕಾಂಡದಲ್ಲಿ ಇದರ ಪರಮಾವಧಿಯಿದೆ. ಪಟ್ಟಾಭಿಷೇಕ ಮುಗಿದು ವಾನರರೆಲ್ಲ ಬೀಳ್ಕೊಳ್ಳುವ ಸಮಯ. ಹನುಮಂತನು ಮಾಡಿದ ಉಪಕಾರಗಳಿಗೆ ಪ್ರತಿಯಾಗಿ ಕೊಡುವುದಕ್ಕೆ ಚಕ್ರವರ್ತಿಯಾದ ರಾಮನಿಗೆ ಏನು ಕೊರತೆ? ಆದರೂ ಅವನು ಹೇಳುವ ಮಾತು ಅಚ್ಚರಿಯದು. ನೀನು ಮಾಡಿದ ಉಪಕಾರವೆಲ್ಲ ನನ್ನೊಳಗೇ ಜೀರ್ಣವಾಗಿ ಹೋಗಲಿ. ಏಕೆಂದರೆ ಪ್ರತ್ಯುಪಕಾರಕ್ಕೆ ಪಾತ್ರನಾಗಬೇಕಾದರೆ ಮನುಷ್ಯನು ಆಪತ್ತಿನಲ್ಲಿ ಸಿಲುಕಬೇಕು. ಇದು ಅವನ ಮಾತಿನ ತಾತ್ಪರ್ಯ. ಉಪಕಾರಕ್ಕೆ ಸರಿಸಮವಾದ ಪ್ರತ್ಯುಪಕಾರ ಮಾಡಬೇಕೆಂದು ಬಯಸುವುದೆಂದರೆ, ಉಪಕಾರಿಗೂ ಅಂಥದೇ ಸಂಕಟ ಬರಲೆಂದು ಬಯಸಿದಂತೆ. ಹೆಂಡತಿಯನ್ನು ಕಳೆದುಕೊಂಡು ಕಾಡಿನಲ್ಲಿ ಅಲೆದವನಿಗೆ ಹನುಮಂತನು ಮಾಡಿದುದನ್ನು ರಾಮನು ಹನುಮಂತನಿಗೆ ಮಾಡಬೇಕಾದರೆ ಹನುಮಂತನು ಎಂಥ ದುಃಖಕ್ಕೆ ಈಡಾಗಬೇಕು! ಜ್ವರದಲ್ಲಿ ಗಂಜಿ ಕುಡಿಸಿದವಳ ಋಣವನ್ನು ಸಮಸಮವಾಗಿ ತೀರಿಸಬೇಕೆನ್ನುವವನು ಆಕೆಗೂ ಜ್ವರ ಬರುವುದನ್ನು ಕಾಯಬೇಕಾಗುತ್ತದೆ. ವಾಲ್ಮೀಕಿಯು ಮೊದಲಲ್ಲಿ ಕೇಳಿದ ‘ಕೃತಜ್ಞ’ನೆಂಬ ಪದಕ್ಕೆ ರಾಮನು ಕೊಟ್ಟ ಅರ್ಥ ಇದು. ಬಲ್ಲೆನು, ಹೊತ್ತಿರುವೆನು, ತೀರಿಸಲು ಬಯಸೆನು.

ಇಷ್ಟು ಹೇಳಿದ ಮೇಲೆ, ಸಾಲ ಮಾಡಿ ಕೈಯೆತ್ತುವವರಿಗೆ ಇದೊಂದು ಒಳ್ಳೆಯ ನೆಪವಾಗಬಾರದು. ಕೈಗಡವಾಗಿ ತಂದ ಹಣವನ್ನು ಹೇಳಿದ ದಿನಕ್ಕೆ, ಹೇಳಿದವನಿಗೇ, ಪೈಸೆ ಬಿಡದೆ ಕೊಡಬೇಕು. ಅದಕ್ಕೆ ವೇದಾಂತ ಬೇಡ. ಬಂಧುಗಳ ಹಣವನ್ನು ನುಂಗಿ ಋಣಾನುಬಂಧದ ಮಾತಾಡುವವರನ್ನು ಕಾಣದ ಊರಿಲ್ಲ. ಹಾಗೆಯೇ ಇನ್ನೊಂದು ವರ್ಗದವರೂ ಇದ್ದಾರೆ. ಒಂದು ಹೊತ್ತಿನ ಊಟ ಹಾಕಿ ಇಪ್ಪತ್ತು ವರ್ಷ ಅದನ್ನು ನೆನಪಿಸುವವರು. ಋಣವನ್ನು ಹೊತ್ತವನು ಮರೆಯಬಾರದು, ಕೊಟ್ಟವನು ನೆನೆಯಬಾರದು. ಎರಡನೆಯದು ಮೊದಲನೆಯದಕ್ಕಿಂತ ದುಸ್ಸಾಧ್ಯ. ಹನ್ನೆರಡನೆಯ ಶತಮಾನದಲ್ಲಿ, ಸ್ವತಃ ಬಿಜ್ಜಳನ ಭಂಡಾರದ ಲೆಕ್ಕ ನೋಡುತ್ತಿದ್ದ ಬಸವಣ್ಣನವರು, ಕೊಡುವವನೇ ದಾಸನೆಂಬ ಅರ್ಥವುಳ್ಳ ‘ದಾಸೋಹ’ವನ್ನು ಎತ್ತಿ ಹಿಡಿದುದು ಈ ರೋಗಕ್ಕೆ ಮದ್ದಾಗಿಯೇ ಎಂದು ತೋರುತ್ತದೆ.

ಇದಕ್ಕಿಂತ ಗಂಭೀರವಾದ ಆಕ್ಷೇಪವೊಂದಿದೆ, ಅದು ಕರ್ಣನದು. ಕುಲವನ್ನು ಕೇಳಿ ರಂಗದಲ್ಲಿ ಅವಮಾನಿಸಿದವರ ನಡುವೆ, ಅಂಗರಾಜ್ಯದ ಪಟ್ಟ ಕಟ್ಟಿ ತನ್ನನ್ನು ಎತ್ತಿ ಹಿಡಿದ ದುರ್ಯೋಧನನ ಋಣವನ್ನು ಅವನು ಕೊನೆಯ ಉಸಿರಿನವರೆಗೂ ಬಿಡಲಿಲ್ಲ. ಯುದ್ಧಕ್ಕೆ ಮುನ್ನ ಕೃಷ್ಣನು ಅವನ ಜನ್ಮರಹಸ್ಯವನ್ನು ತಿಳಿಸಿ ಪಾಂಡವರಲ್ಲಿ ಹಿರಿಯನಾಗಿ ಬಾ ಎಂದಾಗ, ಕರ್ಣನು ಒಲ್ಲೆನೆಂದನು. ಅಷ್ಟೇ ಅಲ್ಲ, ಈ ವಿಷಯವನ್ನು ಯುಧಿಷ್ಠಿರನಿಗೆ ತಿಳಿಸಬೇಡ, ತಿಳಿದರೆ ಅವನು ರಾಜ್ಯವನ್ನು ನನಗೇ ಒಪ್ಪಿಸುತ್ತಾನೆ, ನಾನದನ್ನು ದುರ್ಯೋಧನನಿಗೆ ಕೊಟ್ಟುಬಿಡುತ್ತೇನೆ ಎಂದನು. ಧರ್ಮವು ಯಾವ ಪಕ್ಷದಲ್ಲಿದೆಯೆಂಬುದನ್ನು ಚೆನ್ನಾಗಿ ಬಲ್ಲವನ ಮಾತು ಇದು. ಪಂಪನಂಥ ಪಂಪನ ಹೃದಯವೇ ಕರ್ಣನಿಗೆ ಒಲಿದಿರುವಾಗ ಕನ್ನಡಿಗರು ಅವನನ್ನು ಕೃತಘ್ನನೆನ್ನುವುದು ಹೇಗೆ, ಅಧರ್ಮಿಯೆನ್ನುವುದು ಹೇಗೆ? ಆದರೂ ದ್ಯೂತಸಭೆಯಲ್ಲಿ ದ್ರೌಪದಿಯ ವಿರುದ್ಧ ಅವನು ಆಡಿದ ಮಾತುಗಳನ್ನು ಯಾವ ಋಣವೂ ತೊಳೆಯಲಾರದು. ಋಣವು ಕೊಟ್ಟವನಿಗೇ, ಕೊಟ್ಟವನಿಗೆ ಮಾತ್ರವೇ ಸಲ್ಲಬೇಕೆಂದು ನಂಬಿದವನ ದುರಂತ ಅದು. ಅಪಮಾನಕ್ಕೊಳಗಾದ ತನ್ನ ಪಕ್ಕದಲ್ಲಿ ಒಬ್ಬನು ನಿಂತುದನ್ನು ನೆನೆದು, ಅಪಮಾನಕ್ಕೊಳಗಾದ ಇನ್ನೊಬ್ಬಳ ಪಕ್ಕದಲ್ಲಿ ತಾನೂ ನಿಂತಿದ್ದರೆ? ಪಡೆದುದರ ಹಾದಿ ಅತ್ತ ಇತ್ತು. ಕರ್ಣನು ಅದನ್ನು ಬಂದ ಹಾದಿಯಲ್ಲಿಯೇ ಹಿಂದಕ್ಕೆ ಕಳುಹಿಸಿದನು. ಹಾಗೆಂದು ಅವನ ಮಹತ್ತ್ವವನ್ನು ಅಲ್ಲಗಳೆಯುವುದು ಸಾಧ್ಯವಿಲ್ಲ. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವುದು ಕಷ್ಟವೇ ಸರಿ.

ವಸ್ತ್ರಾಪುರದ ಕನ್ನಡಿಗರು ಸಂಜೆ ಸುತ್ತು ಹಾಕುವ ಕೆರೆಗೆ ಇಂದು ಭಕ್ತಕವಿ ನರಸಿಂಹ ಮೆಹ್ತಾ ಸರೋವರವೆಂದು ಹೆಸರು. ಹದಿನೈದನೆಯ ಶತಮಾನದ, ಜುನಾಗಢದ ಆ ಭಕ್ತನ ಹುಂಡಿಯ ಕಥೆಯನ್ನು ವಡೋದರದ ಕವಿ ಪ್ರೇಮಾನಂದನು ಹದಿನೇಳನೆಯ ಶತಮಾನದಲ್ಲಿ ಆಖ್ಯಾನವಾಗಿ ಹಾಡಿದ್ದಾನೆ. ಗುಜರಾತಿನಲ್ಲಿ ಅದನ್ನು ಅರಿಯದವರು ಕಡಿಮೆ. ದ್ವಾರಕೆಗೆ ಹೊರಟ ಯಾತ್ರಿಕರು ದಾರಿಗಳ್ಳರ ಭಯದಿಂದ ತಮ್ಮ ಏಳು ನೂರು ರೂಪಾಯಿಗಳಿಗೆ ಹುಂಡಿ ಬರೆದುಕೊಡುವ ಸಾಹುಕಾರನನ್ನು ಹುಡುಕುತ್ತಿದ್ದರು. ಕುಹಕಿಗಳು ಅವರನ್ನು ಬಡ ನರಸಿಂಹನ ಮನೆಗೆ ಕಳುಹಿದರು. ಅವನು ಹಣವನ್ನು ತೆಗೆದುಕೊಂಡು, ದ್ವಾರಕೆಯ ಶಾಮಳಶಾ ಸೇಠನ ಹೆಸರಿಗೆ ಹುಂಡಿ ಬರೆದುಕೊಟ್ಟು, ಬಂದ ಹಣದಿಂದ ಸಾಧುಸಂತರಿಗೆ ಉಣಬಡಿಸಿಬಿಟ್ಟನು. ಯಾತ್ರಿಕರು ದ್ವಾರಕೆಯಲ್ಲಿ ಕೇಳಿದರೆ ಆ ಹೆಸರಿನ ಸೇಠನೇ ಇಲ್ಲ. ಕೊನೆಗೆ ಶ್ರೀಕೃಷ್ಣನೇ ಸೇಠನ ವೇಷದಲ್ಲಿ ಬಂದು ಹುಂಡಿಯನ್ನು ಸ್ವೀಕರಿಸಿ ಹಣವನ್ನು ಎಣಿಸಿಕೊಟ್ಟನು. ಬ್ಯಾಂಕಿನ ವ್ಯವಹಾರ ಬಲ್ಲ ಯಾರೇ ಆಗಲಿ, ಖಾತೆಯೇ ಇಲ್ಲದೆಡೆ ಬರೆದ ಈ ಹುಂಡಿಯನ್ನು ನೋಡಿ ನಡುಗಬೇಕು. ಪರರ ಹಣದ ವಿಷಯದಲ್ಲಿ ಅದನ್ನು ಅನುಕರಿಸುವುದು ಅಪರಾಧವೇ ಹೌದು. ಆದರೆ ಕಥೆಯ ದೃಷ್ಟಿ ಬೇರೆ. ಕೈಗೆ ಬಂದುದನ್ನು ಎದುರಿಗಿದ್ದ ಹಸಿದವರ ಎಲೆಗೆ ಬಡಿಸಿದವನಿಗೆ, ಅದರ ಲೆಕ್ಕವು ದೂರದಲ್ಲೆಲ್ಲೋ, ತಾನು ಕಾಣದ ಕೈಯಿಂದ ಸರಿಹೋಗುವುದೆಂಬ ವಿಶ್ವಾಸ.

ಕುಂದಾಪುರದಿಂದ ಬಂದ ಹುಡುಗನನ್ನು ಹಜಾರದಲ್ಲಿ ಮಲಗಿಸಿಕೊಂಡ ಹೆಂಗಸು ಆಗ ಇಂಥದೇ ಹುಂಡಿಯೊಂದನ್ನು ಬರೆದಿದ್ದರು. 1970ರ ದಶಕದಲ್ಲಿ ಭಾಷೆ ತಿಳಿಯದ ನವವಧುವಾಗಿ ಈ ಊರಿಗೆ ಬಂದಾಗ, ಮೊದಲ ತಿಂಗಳು ಅವರಿಗೆ ದಿನವೂ ರೋಟಿ ಶಾಕ ಕಳುಹಿಸಿದ ನೆರೆಮನೆಯ ಗುಜರಾತಿ ಹೆಂಗಸಿಗೆ ಅವರು ಏನನ್ನೂ ಮರಳಿಸಿರಲಿಲ್ಲ. ಆ ಹೆಂಗಸು ಮರಳಿಸಿಕೊಳ್ಳುವ ಮೊದಲೇ ಆ ಮನೆ ಬಿಟ್ಟು ಸೂರತ್ತಿಗೆ ಹೋಗಿದ್ದಳು. 2001ರ ಜನವರಿ 26ರ ಭೂಕಂಪದ ಅನಂತರ, ಮನೆಯೊಳಗೆ ಕಾಲಿಡಲು ಹೆದರಿ ಜನರು ಬಯಲಿನಲ್ಲಿ ರಾತ್ರಿ ಕಳೆದಾಗ, ಯಾರ ಡಬ್ಬಿಯ ಊಟವನ್ನು ಯಾರು ಉಂಡರೆಂಬುದನ್ನು ಬರೆದಿಟ್ಟವರಿಲ್ಲ.

ಹೊಸತಿನ ಊಟವು ಹೋಟೆಲಿಗೆ ಹೋಗಲಿಲ್ಲ. ಮರುವರ್ಷ ಸೋದರಳಿಯನು ಹಿಂದಿನ ಸಂಜೆಯೇ ಬಂದು, ಹೆರೆಮಣೆಯ ಮೇಲೆ ಕುಳಿತು ಹದಿನೆಂಟು ತೆಂಗಿನಕಾಯಿಗಳನ್ನು ಹೆರೆದನು. ಅಷ್ಟೆಲ್ಲ ಕಾಯಿಯನ್ನು ಇಷ್ಟು ವರ್ಷ ಯಾರು ಹೆರೆಯುತ್ತಿದ್ದರೆಂಬುದು ಅವನಿಗೆ ಭುಜ ನೋಯತೊಡಗಿದಾಗಲೇ ತಿಳಿದದ್ದು. ಅವನೊಡನೆ ಸಾಗರದ ಕಡೆಯ ಹುಡುಗನೊಬ್ಬನಿದ್ದನು. ಆರು ತಿಂಗಳಿಂದ ಅವನ ಬೋಪಲ್ ಮನೆಯಲ್ಲಿದ್ದು ಕೆಲಸ ಕಲಿಯುತ್ತಿದ್ದ ಆ ಹುಡುಗನು, ಹಬ್ಬಕ್ಕೆ ಬರಿಗೈಯಲ್ಲಿ ಬರಬಾರದೆಂದು ಒಂದು ಪೊಟ್ಟಣ ಮಿಠಾಯಿ ತಂದಿದ್ದನು. ಅತ್ತೆ ಅದನ್ನು ದೇವರ ಮುಂದಿಟ್ಟರು. ಬೆಳ್ಳಿಯ ದೀಪಗಳು ಮಾತ್ರ ಇನ್ನೂ ಕಪಾಟಿನಲ್ಲಿಯೇ ಇವೆ.